ಅಂತರಗಂಗೆಯ ಅಡಿಯ ನೀರು

ಕಳೆದ ಭಾನುವಾರ, ಇಲ್ಲಿ ಅಮೆರಿಕದಲ್ಲಿ ನಮ್ಮ ಮನೆಗೆ ಹತ್ತಿರದ ಊರಾದ ಟ್ರಾಯ್‌ನ ದೇವಸ್ಥಾನಕ್ಕೆ ಹೋಗಿದ್ದೆ. ಹೊರಗೆ ಹಿಮ ಕರಗುತ್ತಿದ್ದ ದಿನ. ಚಪ್ಪಲಿ ಬಿಡುವ ಕೋಣೆಯಲ್ಲಿ ನೂರಾರು ಬೂಟುಗಳಿಂದ ನೀರಿಳಿದು ರಬ್ಬರ್ ಹಾಸಿನ ಮೇಲೆ ನಿಂತಿತ್ತು. ಒದ್ದೆ ಚರ್ಮ, ಒದ್ದೆ ಉಣ್ಣೆ, ರಸ್ತೆಗೆ ಸುರಿದ ಉಪ್ಪು, ಹೀಟರಿನ ಬಿಸಿಗಾಳಿ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪಂತನಾಲ್‌ನಲ್ಲಿದ್ದೆ. ಪರಿಚಯದವರೊಬ್ಬರು ಒಳಗಿಂದ ಇಣುಕಿ, "ಯಾಕ್ರೀ ಸುಮಂಗಲಾ, ಒಳಗ್ ಬರಲ್ವಾ? ಮಂಗಳಾರತಿ ಆಗ್ತಾ ಇದೆ" ಎಂದರು. ಬಂದೆ ಎಂದವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ನಾನೇನೂ ಪಂತನಾಲ್‌ಗೆ ಹೋದವಳಲ್ಲ. ಅದು ದಕ್ಷಿಣ ಅಮೆರಿಕದ ನಡುವೆ ಇರುವ ಜೌಗುನಾಡು. ಜೌಗು ಅಂದ ಕೂಡಲೇ ಗದ್ದೆಯ ಬದಿಯ ಕೆಸರು ಕಣ್ಣಿಗೆ ಬಂದರೆ ಅದನ್ನು ಬಿಟ್ಟುಬಿಡಿ. ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟು ಅಗಲದ ಬಯಲು, ವರ್ಷದಲ್ಲಿ ಕೆಲವು ತಿಂಗಳು ನೀರು, ಕೆಲವು ತಿಂಗಳು ಹುಲ್ಲು. ಅದನ್ನು ನಾನು ನೋಡಿದ್ದು ಟ್ರಾಯ್‌ನ ಒಂದು ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಕೂತು, ಕಂಪ್ಯೂಟರಿನ ಪರದೆಯ ಮೇಲೆ. ಬೂಟುಗಳನ್ನು ಹೀಟರಿನ ಪಕ್ಕ ಒಣಗಲು ಇಟ್ಟು ಎಲ್ಲರೂ ಕಾಲುಚೀಲದಲ್ಲೇ ಕೆಲಸ ಮಾಡುತ್ತಿದ್ದೆವು. ಹಾಗಾಗಿ ನನ್ನ ಪಾಲಿಗೆ ಆ ಮಹಾ ನದಿಬಯಲಿಗೆ ಒದ್ದೆ ಬೂಟಿನ ವಾಸನೆಯೇ ಅಂಟಿಕೊಂಡಿದೆ.

ಆ ಕೆಲಸ ಸಿಗುವ ಮುಂಚೆ ಹನ್ನೊಂದು ವರ್ಷ ನಾನು ಸ್ಟರ್ಲಿಂಗ್ ಹೈಟ್ಸ್‌ನ ಮನೆಯಲ್ಲಿ ಕೂತಿದ್ದೆ. ನನ್ನ ಯಜಮಾನರು ವೀರೇಶ್ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಎಂಜಿನಿಯರ್. ನನ್ನ ವೀಸಾದಲ್ಲಿ ದುಡಿಯಲು ಅನುಮತಿ ಇರಲಿಲ್ಲ. ಅದಕ್ಕೂ ಮೊದಲು ಚನ್ನಗಿರಿ ಕಡೆ ಆರು ವರ್ಷ ನೀರಾವರಿ ಕಚೇರಿಯಲ್ಲಿದ್ದವಳು, ಬಿಸಿಲಲ್ಲಿ ಏರಿಯ ಮೇಲೆ ನಡೆದು ಕೆರೆ ಅಳೆದವಳು. ಕೆರೆ ಅಳೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ ಆಗ ಬಂದದ್ದು ಹನ್ನೊಂದು ವರ್ಷ ಅನ್ನ ಸಾರು ಮಾಡಿಕೊಂಡಿದ್ದರೂ ಇಳಿದಿರಲಿಲ್ಲ. ಅನುಮತಿ ಬಂದ ವರ್ಷ ಕನ್ನಡಿಗರ ಒಂದು ಊಟದ ಕೂಟದಲ್ಲಿ ಹನೀಫ್ ಅಂಕಲ್ ಸಿಕ್ಕರು. ಗಂಗಾವತಿಯವರು, ವಯಸ್ಸು ಅರವತ್ತು ದಾಟಿತ್ತು, ಉಪಗ್ರಹದ ಚಿತ್ರಗಳಿಂದ ನೀರಿನ ನಕ್ಷೆ ಮಾಡುವ ಪುಟ್ಟ ಕಂಪನಿ ಅವರದು. ನನ್ನ ಕೆರೆ ಪುರಾಣವನ್ನೆಲ್ಲ ಕೇಳಿ, ಕೈಯಲ್ಲಿದ್ದ ಹೋಳಿಗೆ ಮುಗಿಸಿ, "ಕೆರಿ ಅಳದಾಕಿ ಅಂದಮ್ಯಾಲ ನೀರಿನ ಮಾತು ಗೊತ್ತಿರತೈತಿ. ಸೋಮವಾರದಿಂದ ಬರ್ರಿ ತಂಗಿ, ಒಂದು ವರ್ಷಕ್ಕ ನೋಡೂಣು" ಎಂದರು. ಅವತ್ತು ಮನೆಗೆ ಬರುವಾಗ ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ತಪ್ಪಿಸಿಕೊಂಡು ಎರಡು ಮೈಲಿ ಮುಂದೆ ಹೋಗಿದ್ದೆ, ಅಷ್ಟು ಖುಷಿ.

ಕಚೇರಿಯಲ್ಲಿ ಇದ್ದದ್ದು ಮೂವರೇ. ಹನೀಫ್ ಅಂಕಲ್, ಅಲ್ಲಿ ಅವರು 'ಸರ್', ನಾನು, ಮತ್ತೆ ಬ್ರೆಜಿಲ್‌ನ ಹುಡುಗಿ ಬ್ರೂನಾ. ಪಂತನಾಲ್‌ನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒಂದು ಹಳೆಯ ಗಾಡಿದಾರಿಯನ್ನು ಎತ್ತರಿಸಿ ರಸ್ತೆ ಮಾಡಿಸಲು ಅಲ್ಲಿ ಒಂದು ಸಮಿತಿ ಇತ್ತು. ಮಣ್ಣು ಪೇರಿಸಿ ಕಟ್ಟುವ ರಸ್ತೆ, ನಮ್ಮ ಕೆರೆ ಏರಿಯ ಹಾಗೆ. ಎಲ್ಲೆಲ್ಲಿ ನೀರು ಹಾಯುತ್ತದೋ ಅಲ್ಲೆಲ್ಲ ಅಡಿಯಲ್ಲಿ ಸೇತುವೆ, ಮೋರಿ ಬಿಡಬೇಕು; ಬಿಡದಿದ್ದರೆ ನದಿಯ ನೀರು ಆಚೆ ಬದಿಗೆ ದಾಟುವುದಿಲ್ಲ, ಆಚೆ ಬದಿ ಒಣಗಿ ಸಾಯುತ್ತದೆ. ಆ ದಾರಿಯನ್ನು ಉತ್ತರದ ತುದಿಯಿಂದ ಮೂರು ಭಾಗ ಮಾಡಿ, ಯಾವ ಜಾಗ ನೀರು, ಯಾವ ಜಾಗ ನೆಲ ಎಂದು ಮೂರು ನಕ್ಷೆಯ ಹಾಳೆಗಳಲ್ಲಿ ತೋರಿಸಿಕೊಡುವುದು ನಮ್ಮ ಕೆಲಸ.

ನೀರನ್ನು ಕುರಿತ ನನ್ನ ತಿಳಿವಳಿಕೆಯೆಲ್ಲ ಮೊದಲ ವಾರದಲ್ಲೇ ತಲೆಕೆಳಗಾಯಿತು. ಆ ಬಯಲು ಎಷ್ಟು ಸಮತಟ್ಟು ಎಂದರೆ ಮೈಲಿಗೆ ಒಂದೆರಡು ಇಂಚು ಇಳಿಜಾರು. ಉತ್ತರದಲ್ಲಿ ಜನವರಿಯಲ್ಲಿ ಬಿದ್ದ ಮಳೆ ದಕ್ಷಿಣಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಹೊಳೆಯಿಂದ ಉಕ್ಕಿ ಹುಲ್ಲಿಗೆ, ಹುಲ್ಲಿನಿಂದ ಹಳ್ಳಕ್ಕೆ, ಹಳ್ಳದಿಂದ ಮತ್ತೆ ಹೊಳೆಗೆ, ಯಾವ ಅವಸರವೂ ಇಲ್ಲದೆ ಅದು ನಡೆದು ಬರುತ್ತದೆ. ಕೊನೆಗೆ ದಕ್ಷಿಣದಲ್ಲಿ ನೆರೆ ಏಳುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಆಕಾಶದಲ್ಲಿ ಒಂದು ಮೋಡವಿಲ್ಲ, ಗುಲಾಬಿ ಬಣ್ಣದ ಹೂ ಬಿಡುವ ಮರಗಳು ಬೋಳಾಗಿ ನಿಂತಿವೆ, ಅವುಗಳ ಬುಡಕ್ಕೆ ಸದ್ದಿಲ್ಲದೆ ನೀರು ಬಂದು ನಿಲ್ಲುತ್ತದೆ. ಇದನ್ನೆಲ್ಲ ಊಟದ ಮೇಜಿನ ಮೇಲೆ ಹೇಳಿದಾಗ ಎಂಟನೇ ತರಗತಿಯ ಮಗಳು ಅನ್ವಿತಾ ಫೋನಿನಿಂದ ತಲೆ ಎತ್ತಿ, "ಸೋ ದ ಫ್ಲಡ್ ಈಸ್ ಲೇಟ್ ಫಾರ್ ಇಟ್ಸ್ ಓನ್ ರೈನ್?" ಎಂದಳು. ಅವಳು ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಆ ಚಳಿಗಾಲ ನನಗೆ ಒಂದು ಉದ್ದ ಕನಸಿನಂತೆ ನೆನಪಿದೆ. ಬೆಳಿಗ್ಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕಾರಿನ ಗಾಜಿನ ಮೇಲಿನ ಹಿಮ ಕೆರೆದು, ಬಿಳಿಯ ರಸ್ತೆಯಲ್ಲಿ ಬಿಳಿಯ ಬಡಾವಣೆಗಳನ್ನು ದಾಟಿ ಬಂದು ಕೂತರೆ, ಪರದೆಯ ಮೇಲೆ ಹಸಿರೇ ಹಸಿರು. ದುಂಡನೆಯ ಸಾವಿರಾರು ಹೊಂಡಗಳು, ಹಗ್ಗ ಚೆಲ್ಲಿದಂತೆ ಬಿದ್ದ ಹಳೆಯ ಹೊಳೆಯ ಹಾದಿಗಳು, ಗೆದ್ದಲ ಹುತ್ತದ ಸುತ್ತ ಮರ ಬೆಳೆದು ಆದ ಸಣ್ಣ ಸಣ್ಣ ದ್ವೀಪಗಳು. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ಬರುತ್ತಿತ್ತು. ಸಂಜೆ ಮನೆಗೆ ಹೊರಟು ನಿಂತಾಗ ಕಾರುಗಳ ಮೇಲೆ ಬೀಳುವ ಹಿಮ ನೋಡಿ, ನಾನು ಎಲ್ಲಿದ್ದೇನೆ ಎಂದು ಒಂದು ಕ್ಷಣ ನಿಜಕ್ಕೂ ತಿಳಿಯುತ್ತಿರಲಿಲ್ಲ.

ದಿನದ ಅತ್ಯಂತ ಸುಖದ ಗಳಿಗೆ ಹತ್ತು ಗಂಟೆಗೆ. ಎರಡನೇ ಹಾಳೆಯ ಜಾಗದಲ್ಲಿ, ಹೊಳೆಯ ದಂಡೆಯ ಮೇಲೆ, ಕಂಬಗಳ ಮೇಲೆ ಕಟ್ಟಿದ ಮನೆಯಲ್ಲಿ ಲೂಸಿಯಾ ಎಂಬ ಹಿರಿಯ ಹೆಂಗಸು ಇದ್ದರು. ಮೀನು ಹಿಡಿದು ಬದುಕುವವರು. ಮನೆಯೆದುರಿನ ಅಳತೆ ಕೋಲಿನಲ್ಲಿ ನೀರು ಎಷ್ಟಿದೆ ಎಂದು ನೋಡಿ ದಿನಾ ನಮಗೆ ಫೋನಿನಲ್ಲಿ ದನಿಯ ಸಂದೇಶ ಕಳಿಸುತ್ತಿದ್ದರು. ನಾನು ನನ್ನಷ್ಟಕ್ಕೆ ಅವರನ್ನು ಲೂಸಿಯಕ್ಕ ಎನ್ನುತ್ತಿದ್ದೆ. ಅಳತೆ ಹೇಳಲು ಅರೆ ನಿಮಿಷ ಸಾಕು, ಆದರೆ ಸಂದೇಶ ಆರೇಳು ನಿಮಿಷ ಇರುತ್ತಿತ್ತು. ಯಾವ ಹಕ್ಕಿ ಗೂಡು ಕಟ್ಟಿತು, ಯಾವ ಮೊಸಳೆ ಮೆಟ್ಟಿಲ ಬುಡದಲ್ಲಿ ಬಿಸಿಲು ಕಾಯಿಸಿತು, ಎಲ್ಲ. ಹಿಂದೆ ಹಕ್ಕಿಗಳ ಗದ್ದಲ. ಬ್ರೂನಾ ಅರ್ಥ ಹೇಳುವ ಮುಂಚೆ ಒಂದು ಸಲ ಸುಮ್ಮನೆ ಕೇಳುತ್ತಿದ್ದೆವು.

ಡಿಸೆಂಬರಿನಲ್ಲಿ ಮೊದಲ ಹಾಳೆ ಕಳಿಸಿದೆ, ಮೆಚ್ಚುಗೆ ಬಂತು, ಅಲ್ಲಿ ಮಣ್ಣು ಪೇರಿಸುವ ಕೆಲಸವೂ ಶುರುವಾಯಿತು. ಫೆಬ್ರುವರಿಯಲ್ಲಿ ಎರಡನೆಯದು ಹೋಯಿತು. ಬ್ರೂನಾ ಅದರ ಒಂದು ಪ್ರತಿಯನ್ನು ಪ್ರೀತಿಗೆ ಲೂಸಿಯಕ್ಕನ ಫೋನಿಗೂ ಕಳಿಸಿದಳು. ಮರುದಿನದ ಸಂದೇಶವನ್ನು ಕೇಳುತ್ತ ಕೇಳುತ್ತ ಬ್ರೂನಾಳ ಮುಖ ಸಣ್ಣಗಾಯಿತು.

"ನಕ್ಷೆ ಚೆಂದ ಇದೆಯಂತೆ. ಮನೆ ಸರಿಯಾದ ಕಡೆ ಕೂತಿದೆಯಂತೆ" ಎಂದಳು. "ಆದರೆ ಮನೆ ಹಿಂದಿನ ನನ್ನ ನೀರನ್ನು ಎಲ್ಲಿಗೆ ಕಳಿಸಿದಿರಿ ಅಂತ ಕೇಳ್ತಿದ್ದಾರೆ. ಮೀನು ಮರಿ ಮಾಡೋದು ಅಲ್ಲೇ ಅಂತೆ. ರಸ್ತೆ ಅಡ್ಡ ಬಂದು, ಅಡಿಯಲ್ಲಿ ದಾರಿ ಇಲ್ಲದೇ ಹೋದರೆ ಹೊಳೆಗೂ ಅದಕ್ಕೂ ನಂಟು ಕಡಿಯಿತು ಅಂತಾರೆ."

ಮೊದಲು ನನಗೆ ಬಂದದ್ದು ಸಿಟ್ಟು. ಅಲ್ಲಿ ನೀರಿಲ್ಲ, ಹನ್ನೆರಡು ತಿಂಗಳ ಚಿತ್ರ ನೋಡಿದ್ದೇನೆ, ಸದಾ ಹಸಿರು, ಹುಲ್ಲುಗಾವಲು ಎಂದೆ. ಹೇಳುತ್ತಲೇ ಆ ಜಾಗವನ್ನು ದೊಡ್ಡದು ಮಾಡಿ ನೋಡಿದೆ. ಹಸಿರಿನಲ್ಲಿ ಅಲ್ಲಲ್ಲಿ ನೇರಳೆ ಛಾಯೆ ಇತ್ತು. ಆ ಬಣ್ಣವನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಅದು ನೀರಿನ ಮೇಲೆ ತೇಲಿ ಹಬ್ಬುವ ಕಳೆ, ಅಂತರಗಂಗೆಯ ಹೂವು.

ನಮ್ಮ ಕಡೆ ಕೆರೆ ಅಳೆಯುವಾಗ ಅಂತರಗಂಗೆ ಹಬ್ಬಿದ ಭಾಗವನ್ನು ನೀರಿನ ಲೆಕ್ಕದಿಂದ ತೆಗೆದುಹಾಕುವುದು ರೂಢಿ. ಅದರ ಅಡಿಯಲ್ಲಿ ಇರುವುದು ಹೂಳು, ಆ ನೀರು ತೂಬಿಗೆ ಬರುವುದಿಲ್ಲ ಎಂದು ನನಗೆ ಕಲಿಸಿದ್ದರು. ನಾನೂ ನನ್ನ ಕೈಕೆಳಗಿನವರಿಗೆ ಕಲಿಸಿದ್ದೆ. ಕೈ ಯಾಂತ್ರಿಕವಾಗಿ ಕಲಿತದ್ದನ್ನು ಇಲ್ಲೂ ಮಾಡಿತ್ತು. ಆ ನೇರಳೆ ಛಾಯೆಯ ಹಸಿರನ್ನೆಲ್ಲ ಒಂದೇ ಗುಂಪಿಗೆ ಹಾಕಿ, ಒಂದೇ ಏಟಿಗೆ ನೀರಿನಿಂದ ತೆಗೆದು ನೆಲಕ್ಕೆ ಸೇರಿಸಿದ್ದೆ. ನಮ್ಮ ಕೆರೆಗಳ ಉಸಿರು ಕಟ್ಟಿಸುವ ಆ ಗಿಡದ ತವರುಮನೆಯೇ ಅಂಥ ನದಿಬಯಲುಗಳು. ಅಲ್ಲಿ ಅದು ನೀರಿನ ಜೊತೆ ಏರಿ, ನೀರಿನ ಜೊತೆ ಇಳಿಯುತ್ತದೆ. ಇಳಿಬಿದ್ದ ಬೇರುಗಳ ನಡುವೆ ಮೀನಿನ ಮರಿಗಳು ಅಡಗುತ್ತವೆ, ಬಸವನಹುಳುಗಳು ಮೇಯುತ್ತವೆ, ಆ ಹುಳು ತಿನ್ನಲೆಂದೇ ಹುಟ್ಟಿದ ಗಿಡುಗ ಮೇಲೆ ಸುತ್ತುತ್ತದೆ. ಇದನ್ನೆಲ್ಲ ನಾನು ಆ ವಾರ ಓದಿ ತಿಳಿದುಕೊಂಡೆ, ತಿಳಿದುಕೊಳ್ಳಬೇಕಾದದ್ದು ನಾಲ್ಕು ತಿಂಗಳ ಹಿಂದೆ.

ಮನೆಯಲ್ಲಿ ವೀರೇಶ್‌ಗೆ ಹೇಳಿದೆ. ಅವರು ಕೆಟ್ಟವರಲ್ಲ, ನನ್ನ ಹನ್ನೊಂದು ವರ್ಷಗಳನ್ನು ನೋಡಿದವರು. "ಮೂರನೇ ಹಾಳೆ ಸರಿ ಮಾಡಿ ಕೊಡು. ಎರಡನೇದು ಹೋಗಿದ್ದು ಹೋಯ್ತು ಮಾರಾಯ್ತಿ" ಎಂದರು. "ಇಷ್ಟು ವರ್ಷ ಕಾದು ಸಿಕ್ಕಿರೋ ಕೆಲಸ. ನೀನಾಗೇ ಹೋಗಿ ತಪ್ಪು ಮಾಡಿದೀನಿ ಅಂದ್ರೆ ಯಾರು ಇಟ್ಕೊಳ್ತಾರೆ? ಹನೀಫ್ ಅಂಕಲ್ ಕಂಪನಿಗೂ ಏಟು. ಸುಮ್ನಿದ್ರೆ ಏನು ಹೋಗುತ್ತೆ?"

"ಲೂಸಿಯಕ್ಕನ ಮನೆ ಹಿಂದಿನ ನೀರು ಹೋಗುತ್ತೆ" ಎಂದೆ.

ಮರುದಿನ ಹನೀಫ್ ಅಂಕಲ್‌ ಎದುರು ನಿಂತಾಗ ಬಾಯಿಗೆ 'ಸರ್' ಬರಲೇ ಇಲ್ಲ. "ಅಂಕಲ್, ತಪ್ಪಾಗಿದೆ. ನನ್ನಿಂದ" ಎಂದು ಪರದೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ನಮ್ಮ ಹೊಲ ಕಾಲುವಿ ಟೇಲ್ ಎಂಡಿನಾಗ, ಕಡೀ ತುದ್ಯಾಗ ಇತ್ತು ತಂಗಿ" ಎಂದರು ಆಮೇಲೆ. "ನಕ್ಷಾದಾಗ ನೀರು ಬರತಿತ್ತು, ಹೊಲದಾಗ ಬರತಿರಲಿಲ್ಲ. ನಮ್ಮಪ್ಪ ಕಚೇರಿಗೆ ಹೋಗಿ ನೀರು ಬಂದಿಲ್ರೀ ಅಂದ್ರ, ನಕ್ಷಾ ಮುಂದ ಹಿಡದು, ಬಂದೈತಲ್ಲೋ ನೋಡು ಅಂತಿದ್ರು. ಈಗ ನಾವು ಇರೋ ನೀರನ್ನ ಇಲ್ಲ ಅಂತ ಬರದೀವಿ. ಆಕಿ ಯಾವ ಕಚೇರಿಗೆ ಹೋಗಬೇಕು ಹೇಳು?"

"ಸಮಿತಿಗೆ ನಾನು ಪತ್ರ ಬರೀತೀನಿ ಅಂಕಲ್. ನನ್ನ ಹೆಸರಲ್ಲೇ ಹೋಗ್ಲಿ."

"ನಿನ್ನ ಹೆಸರೂ ಇರ್ಲಿ, ನನ್ನದೂ ಇರ್ಲಿ. ಮುಂದಿನ ಕೆಲಸ ಕೊಟ್ರ ಕೊಡ್ತಾರ, ಬಿಟ್ರ ಬಿಡ್ತಾರ. ಮೊದಲು ಚಾ ಕುಡಿ, ಆಮ್ಯಾಲ ಬರಿ."

ಆರು ವಾರ ನಾವು ಮೂವರೂ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಎಲೆಗಳ ನಡುವೆ ತೂರಿ ಕೆಳಗಿನ ನೀರಿಗೆ ತಾಗಿ ಬರುವ ರೇಡಾರ್ ಚಿತ್ರಗಳನ್ನು ತರಿಸಿ, ಎರಡೂ ಹಾಳೆಗಳನ್ನು ಹೊಸದಾಗಿ ಮಾಡಿದೆವು. ಮೊದಲ ಹಾಳೆಯಲ್ಲೂ ಅಂಥದೇ ಒಂದು ದೊಡ್ಡ ಹಸಿರು ಇತ್ತು. ಅದನ್ನೂ ಬರೆದು ಕಳಿಸಿದೆವು. ಅಲ್ಲಿನ ಸಮಿತಿಯಿಂದ ಎರಡೇ ಪ್ಯಾರಾದ ಉತ್ತರ ಬಂತು. ಮೊದಲ ಹಾಳೆಯ ಜಾಗದಲ್ಲಿ ಮಣ್ಣಿನ ಕೆಲಸ ಮುಗಿದಿದೆ, ಇನ್ನು ಬದಲಾವಣೆ ಸಾಧ್ಯವಿಲ್ಲ. ಎರಡನೆಯದರ ಬಗ್ಗೆ ನಿಮ್ಮವೇ ಎರಡು ನಕ್ಷೆ ಎರಡು ಮಾತು ಹೇಳುತ್ತಿವೆ. ಮೇ ಕೊನೆಯ ವಾರ ನಾವೇ ಬಂದು ನೋಡುತ್ತೇವೆ, ನೀರು ಕಂಡರೆ ಸೇತುವೆ, ಕಾಣದಿದ್ದರೆ ಇಲ್ಲ.

ಅಲ್ಲಿಂದ ಶುರುವಾಯಿತು ನನ್ನ ಕಾಯುವಿಕೆ. ಉತ್ತರದ ಮಳೆ ನೀರು ಹೊರಟಾಗಿತ್ತು. ಅದು ಮೇ ಕೊನೆಯೊಳಗೆ ಲೂಸಿಯಕ್ಕನ ಮನೆ ಮುಟ್ಟಿ, ಗಾಡಿದಾರಿಯನ್ನು ದಾಟಿ ಹಿಂಬದಿಗೆ ಹರಿದರೆ, ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ಪ್ರತಿ ಶುಕ್ರವಾರ ಹೊಸ ಚಿತ್ರ ತೆಗೆದು ನೀರಿನ ಮುಂಚೂಣಿ ಎಲ್ಲಿಗೆ ಬಂತು ಎಂದು ನೀಲಿ ಗೆರೆ ಎಳೆಯುತ್ತಿದ್ದೆ. ಇಲ್ಲಿ ಹಿಮ ಕರಗಿತು. ನಮ್ಮ ಮನೆಯ ಹತ್ತಿರದ ಕ್ಲಿಂಟನ್ ಹೊಳೆ ಕಂದು ಬಣ್ಣಕ್ಕೆ ತಿರುಗಿ, ಎರಡು ದಿನ ಉಕ್ಕಿ, ಮೂರನೇ ದಿನ ಏನೂ ಆಗೇ ಇಲ್ಲವೆಂಬಂತೆ ಇಳಿದುಹೋಯಿತು. ಸೇತುವೆಯ ಮೇಲೆ ಕಾರು ನಿಲ್ಲಿಸಿ ಅದನ್ನು ನೋಡುತ್ತ, ಇದರ ಅವಸರದಲ್ಲಿ ಅರ್ಧ ಅದಕ್ಕೆ ಇದ್ದಿದ್ದರೆ ಎಂದುಕೊಂಡೆ. ಸೇಬಿನ ಮರಗಳು ಹೂ ಬಿಟ್ಟವು, ಬಾತುಗಳು ಮರಿಗಳನ್ನು ಸಾಲಾಗಿ ರಸ್ತೆ ದಾಟಿಸಿದವು, ನಾನು ಮಾತ್ರ ದಿನಕ್ಕೆ ಮೂರು ಮೈಲಿ ನಡೆಯುವ ಆ ನೀರಿನ ಜೊತೆಗಿದ್ದೆ. ನಿದ್ದೆಯಲ್ಲೂ ಅದು ಹುಲ್ಲಿನ ಬುಡದಲ್ಲಿ ಬರುತ್ತಿತ್ತು. ಹಳೆಯ ಹುಲ್ಲು ಕೊಳೆತು ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಆಗ ಮೀನುಗಳು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತವೆ ಎಂದು ಲೂಸಿಯಕ್ಕ ಹೇಳಿದ್ದರು. ಅವು ನನ್ನ ಕಡೆಗೇ ಬಾಯಿ ತೆರೆದಂತೆ ಕಾಣುತ್ತಿತ್ತು.

ಮೇ ಮೂರನೇ ವಾರದ ಗೆರೆ ಎಳೆದಾಗ ಗೊತ್ತಾಯಿತು, ನೀರು ಬರುವುದಿಲ್ಲ. ಇನ್ನೂ ಐವತ್ತು ಮೈಲಿ ದೂರವಿತ್ತು. ಮುಟ್ಟಲು ಹದಿನೇಳು ದಿನ ಬೇಕು, ಸಮಿತಿ ಬರಲು ಉಳಿದದ್ದು ಒಂದೇ ವಾರ. ಹನೀಫ್ ಅಂಕಲ್ ನನ್ನ ಹಿಂದೆ ಬಂದು ನಿಂತರು. "ಅದೇನು ಕಾಲುವಿ ಏನವಾ, ಗೇಟ್ ಎತ್ತಿ ಬಿಡಾಕ? ಅದು ಬರೂವಾಗ ಬರತೈತಿ" ಎಂದರು. ಸಮಾಧಾನಕ್ಕೆ ಹೇಳಿದ ಮಾತು, ಅವರಿಗೇ ಸಮಾಧಾನ ಇರಲಿಲ್ಲ.

ಸಮಿತಿ ಬಂದ ದಿನ ಲೂಸಿಯಕ್ಕ ಬ್ರೂನಾಗೆ ಕರೆ ಮಾಡಿ, ಫೋನನ್ನು ಹಾಗೇ ಅಂಗಿಯ ಜೇಬಿಗೆ ಹಾಕಿಕೊಂಡರು. ನಾವು ಮೂವರೂ ಮೇಜಿನ ಮೇಲಿನ ಫೋನಿನ ಸುತ್ತ ಕೂತೆವು. ಜೀಪಿನ ಬಾಗಿಲು ಹಾಕಿದ ಸದ್ದು, ಒಣ ಮಣ್ಣಿನ ಮೇಲೆ ಹೆಜ್ಜೆಗಳು, ಗಂಡಸರ ದನಿ. ಬ್ರೂನಾ ಪಿಸುಮಾತಿನಲ್ಲಿ ಹೇಳುತ್ತ ಹೋದಳು. ದಾರಿಯ ಮೇಲೆ ನಿಂತಿದ್ದಾರೆ. ದೂಳು ಇದೆ ಅಂತಿದ್ದಾರೆ. ಇದು ಹುಲ್ಲುಗಾವಲಲ್ಲವೇ, ನಾವು ಮುಂಚೆ ಕೊಟ್ಟಿದ್ದ ನಕ್ಷೆಯೇ ಸರಿ ಅಂತಿದ್ದಾರೆ. ನಾನು ಕಣ್ಣು ಮುಚ್ಚಿಕೊಂಡೆ.

ಆಮೇಲೆ ಲೂಸಿಯಕ್ಕನ ದನಿ. ಬನ್ನಿ, ಹತ್ತು ಹೆಜ್ಜೆ ಬನ್ನಿ, ಆ ಹಸಿರಿನ ಮೇಲೆ ಮಾತ್ರ ಕಾಲಿಡಬೇಡಿ. ಉದ್ದನೆಯ ಕೋಲಿನಿಂದ ಏನನ್ನೋ ಪಕ್ಕಕ್ಕೆ ಸರಿಸಿದ ಸದ್ದು ಕೇಳಿತು, ಒದ್ದೆ ಬೇರುಗಳು ಒಂದನ್ನೊಂದು ಬಿಡುವ ಸದ್ದು. ಆ ದಂಡೆಯ ಮರಗಳ ಹಣ್ಣುಗಳು ನೀರಿಗೆ ಉದುರುತ್ತವಂತೆ. ಹಣ್ಣು ತಿನ್ನುವ ದೊಡ್ಡ ಮೀನುಗಳು ಬಿದ್ದ ಸದ್ದಿಗೇ ಕಾದಿರುತ್ತವಂತೆ. ಇಗೋ ಹಣ್ಣು, ನೋಡಿ ಎನ್ನುತ್ತ ಲೂಸಿಯಕ್ಕ ಒಂದನ್ನು ಆ ಸಂದಿಗೆ ಹಾಕಿದರು. ಗುಳುಕ್ ಎಂದಿತು. ಬ್ರೂನಾ ಫೋನಿನ ಹತ್ತಿರಕ್ಕೆ ಬಗ್ಗಿದಳು. ಮತ್ತೆ, ನಾವು ಕೂತಿದ್ದ ಮೇಜಿನ ಅಡಿಯಿಂದಲೇ ಬಂತೇನೋ ಎನ್ನುವಷ್ಟು ಜೋರಾಗಿ, ಮೀನು ಬಾಲ ಬಡಿದು ಹಣ್ಣನ್ನು ಎಳೆದುಕೊಂಡು ಹೋದ ಸದ್ದು.

ಒಬ್ಬ ಗಂಡಸು ಬೇರೆಯೇ ದನಿಯಲ್ಲಿ ಏನೋ ಕೇಳಿದ. "ಎಷ್ಟು ಆಳ ಅಂತ ಕೇಳ್ತಿದ್ದಾನೆ" ಎಂದಳು ಬ್ರೂನಾ. "ತಗೋ, ನೀನೇ ನೋಡು ಅಂತ ಲೂಸಿಯಾ ಕೋಲನ್ನ ಅವನ ಕೈಗೇ ಕೊಟ್ಟರು." ನಾನು ಜೋರಾಗಿ ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಹನೀಫ್ ಅಂಕಲ್ ಕನ್ನಡಕ ಒರೆಸುತ್ತ ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು.

ಸೇತುವೆ ಮಂಜೂರಾಯಿತು. ಮೂರನೇ ಹಾಳೆ ಮಾತ್ರ ನಮಗೆ ಬರಲಿಲ್ಲ, ಒಮ್ಮೆ ತಪ್ಪಿದವರಿಗೆ ಕೊಡಲಾಗದು ಎಂದು ಬರೆದಿದ್ದರು, ಅದನ್ನು ಅನ್ಯಾಯ ಎನ್ನಲಾರೆ. ನನ್ನ ವರ್ಷವೂ ಮುಗಿಯಿತು. ಆಮೇಲೆ ಬೇರೆ ಕಡೆ ಅಪ್ಲೈ ಮಾಡಿ, ಈಗ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಚರಂಡಿ ಮೋರಿಗಳ ಲೆಕ್ಕ ನೋಡುತ್ತೇನೆ.

ಆದರೂ ವರ್ಷಕ್ಕೊಮ್ಮೆ, ಅಲ್ಲಿ ನೆರೆ ಬರುವ ತಿಂಗಳಲ್ಲಿ, ಯಾರೂ ಹೇಳದೆಯೇ ಉಪಗ್ರಹದ ಚಿತ್ರ ತೆರೆದು ನೋಡುತ್ತೇನೆ. ರಸ್ತೆ ಈಗ ತೆಳ್ಳನೆಯ ಒಂದು ಗೆರೆ. ಲೂಸಿಯಕ್ಕನ ಮನೆಯ ಹತ್ತಿರ ಆ ಗೆರೆಯ ಎರಡೂ ಬದಿಯಲ್ಲಿ ಒಂದೇ ಹಸಿರಿದೆ, ನೇರಳೆ ಛಾಯೆಯ ಹಸಿರು. ಅದನ್ನು ಕಣ್ತುಂಬ ನೋಡುತ್ತೇನೆ. ಅಷ್ಟಕ್ಕೇ ಮುಚ್ಚಿಬಿಡಬೇಕು ಎಂದುಕೊಂಡರೂ ಕೈ ಉತ್ತರಕ್ಕೆ, ಮೊದಲ ಹಾಳೆಯ ಜಾಗಕ್ಕೆ ಸರಿಯುತ್ತದೆ. ಅಲ್ಲಿ ಗೆರೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಒಣಗಿದ ಕಂದು. ಪ್ರತಿ ವರ್ಷ ಆ ಕಂದು ಇನ್ನಷ್ಟು ಅಗಲವಾಗಿರುತ್ತದೆ. ಅಲ್ಲಿಂದ ನಮಗೆ ಯಾರೂ ದನಿ ಕಳಿಸುತ್ತಿರಲಿಲ್ಲ. ಅಲ್ಲಿ ಯಾರ ಮನೆ ಇತ್ತೋ, ಮನೆಯ ಹಿಂದೆ ಅವರದು ಏನಿತ್ತೋ, ನಾನು ಕೇಳಿರಲಿಲ್ಲ.